ಸೆಕೆಂಡ್ ಪಿಯುಸಿ ಮಗಳ ರಿವಿಷನ್‌ಗೆ ಯಾವ ಆ್ಯಪ್ ಕೊಡಿಸಲಿ?

ಮಗಳು ಪಿಸಿಎಂಬಿ, ಬೋರ್ಡ್ ಪರೀಕ್ಷೆಗೂ ಸಿಇಟಿಗೂ ಒಂದೇ ಆ್ಯಪ್ ಸಾಕಾ ಅಂತ ಕೇಳಿದ್ದೀರಿ. ದುಡ್ಡು ಕಟ್ಟುವ ಮೊದಲು ಒಂದು ವಾರ ತಡೆಯಿರಿ.

ನಾನು ತಡೆಯಲಿಲ್ಲ. ಮಗನಿಗೆ ಇಡೀ ವರ್ಷದ ಚಂದಾ ಒಟ್ಟಿಗೇ ಕಟ್ಟಿಬಿಟ್ಟೆ. ದಿನಾ ಎರಡು ಗಂಟೆ ಇಯರ್‌ಫೋನ್ ಹಾಕಿಕೊಂಡು ಕೂರುತ್ತಿದ್ದ. ಮಿಡ್‌ಟರ್ಮ್‌ನಲ್ಲಿ ನೋಡಿದರೆ ಇಂಟಿಗ್ರೇಷನ್ ಲೆಕ್ಕಗಳೆಲ್ಲ ಅರ್ಧಕ್ಕೇ ನಿಂತಿವೆ. "ವಿಡಿಯೊದಲ್ಲಿ ಎಲ್ಲ ಅರ್ಥ ಆಗಿತ್ತಪ್ಪಾ" ಅಂದ. ಸುಳ್ಳಲ್ಲ. ಅರ್ಥ ಆಗಿತ್ತು, ಕೈಗೆ ಹತ್ತಿರಲಿಲ್ಲ.

ಆಮೇಲೆ ಉತ್ತರ ಪತ್ರಿಕೆ ಮುಂದಿಟ್ಟುಕೊಂಡು ಎಲ್ಲೆಲ್ಲಿ ಎಡವಿದ್ದಾನೆ ಅಂತ ನೋಡಿದೆವು. ಎರಡು ಗೆರೆಗಳ ನಡುವಿನ ವಿಸ್ತೀರ್ಣ ಕೇಳಿದರೆ ಲಿಮಿಟ್ ತಪ್ಪು ಹಾಕುತ್ತಿದ್ದ. ಗ್ರಾಫ್ ಬರೆಯುವ ಜಿಯೋಜೀಬ್ರಾ ಆ್ಯಪ್‌ನಲ್ಲಿ ಪ್ಯಾರಾಬೋಲಾ ಮತ್ತು ಸರಳರೇಖೆ ತಾನೇ ಬರೆದು ನೋಡಿದ ಮೇಲೆ ಅದು ನಿಂತಿತು. ಲೆನ್ಸ್ ಲೆಕ್ಕದಲ್ಲಿ ಪ್ಲಸ್ಸು ಮೈನಸ್ಸು ಗೊಂದಲ. ಕೊಲರಾಡೊ ವಿಶ್ವವಿದ್ಯಾಲಯದವರ ಫೆಟ್ ಸಿಮ್ಯುಲೇಷನ್‌ನಲ್ಲಿ ವಸ್ತುವನ್ನು ಎಳೆದು ಫೋಕಸ್ ಒಳಗೆ ತಂದರೆ, ಆಚೆ ಇದ್ದ ಪ್ರತಿಬಿಂಬ ಈಚೆಗೆ ಬರುತ್ತದೆ. ಹತ್ತು ನಿಮಿಷದ ಆಟ, ಅಷ್ಟೇ. ಎರಡೂ ಉಚಿತ. ಆರ್ಗ್ಯಾನಿಕ್ ನೇಮ್ ರಿಯಾಕ್ಷನ್‌ಗಳಿಗೆ ಆಂಕಿ ಅನ್ನೋ ಆ್ಯಪ್‌ನಲ್ಲಿ ಪ್ರಶ್ನೋತ್ತರದ ಕಾರ್ಡು, ಅದೂ ಅವನೇ ಬರೆದದ್ದು. ಬೇರೆಯವರ ಕಾರ್ಡು ಓದಿದರೆ ಸುಮ್ನೆ ಕಣ್ಣಾಡಿಸಿದ ಹಾಗೆ.

ಅಣಕು ಪರೀಕ್ಷೆಗೆ ಮಾತ್ರ ದುಡ್ಡು ಕೊಡಬಹುದು. ಆದರೆ ಯಾವ ಪರೀಕ್ಷೆಯದ್ದು ಅಂತ ನೋಡಿ. ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ. ಅಂದರೆ ಒಂದಕ್ಕೆ 80 ಸೆಕೆಂಡು. ತಪ್ಪಿದರೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ಜೆಇಇ ಮೇನ್‌ನಲ್ಲಿ ತಪ್ಪು ಉತ್ತರಕ್ಕೆ 1 ಅಂಕ ಹೋಗುತ್ತದೆ. ಅದರ ಟೆಸ್ಟ್ ಮಾತ್ರ ಬರೆದು ರೂಢಿಯಾದವರು ಸಿಇಟಿಯಲ್ಲೂ ಪ್ರಶ್ನೆ ಬಿಟ್ಟು ಬರುತ್ತಾರೆ. ಟೆಸ್ಟ್ ಮುಗಿದ ಮೇಲೆ ಬರೀ ಸರಿಯುತ್ತರ ತೋರಿಸುತ್ತಾ, ಹಂತ ಹಂತವಾಗಿ ಬಿಡಿಸಿ ತೋರಿಸುತ್ತಾ, ಅದನ್ನೂ ನೋಡಿ.

ಬೋರ್ಡ್ ಪರೀಕ್ಷೆಗೆ ಆ್ಯಪ್ ಜಾಸ್ತಿ ಕೆಲಸಕ್ಕೆ ಬರಲಿಲ್ಲ. ಅಲ್ಲಿ ಹಂತಕ್ಕೂ ಅಂಕ ಇದೆ, ಕೈಯಲ್ಲಿ ಬರೆಯಲೇಬೇಕು. ಪರೀಕ್ಷಾ ಮಂಡಳಿಯ ಜಾಲತಾಣದಿಂದ ಮಾದರಿ ಪ್ರಶ್ನೆಪತ್ರಿಕೆ ಪ್ರಿಂಟ್ ಹಾಕಿಸಿ, ಗಡಿಯಾರ ಇಟ್ಟು ಬರೆಸಿ.

ಇನ್ನೊಂದು ವಿಷಯ. ನಮ್ಮ ಪಿಯು ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪುಸ್ತಕಗಳೇ ಅಲ್ವಾ, ಅವುಗಳಲ್ಲಿ ಕೆಲವು ಪಾಠಗಳನ್ನು ತೆಗೆದಿದ್ದಾರೆ. 2024ರ ಸಿಇಟಿಯಲ್ಲಿ ಸಿಲಬಸ್ ಹೊರಗಿನ ಪ್ರಶ್ನೆ ಬಂದು ದೊಡ್ಡ ಗಲಾಟೆಯೇ ಆಯ್ತು, ಕೊನೆಗೆ 50 ಪ್ರಶ್ನೆ ಕೈಬಿಟ್ಟರು. ಹಾಗಾಗಿ ಆ ವರ್ಷದ ಪತ್ರಿಕೆ ಕೊಡುವಾಗ ಅವನ್ನು ಹೊಡೆದು ಹಾಕಿ ಕೊಡಿ. ನೀವು ನೋಡುತ್ತಿರುವ ಆ್ಯಪ್‌ನಲ್ಲಿ ಭೌತಶಾಸ್ತ್ರದ ಕಮ್ಯುನಿಕೇಷನ್ ಸಿಸ್ಟಮ್ಸ್, ಕೆಮಿಸ್ಟ್ರಿಯ ಸಾಲಿಡ್ ಸ್ಟೇಟ್ ಬೋರ್ಡ್ ಪಾಠಗಳ ಪಟ್ಟಿಯಲ್ಲಿ ಇನ್ನೂ ಕೂತಿದ್ದರೆ, ಅವರು ಹಳೇ ಸರಕನ್ನೇ ಮಾರುತ್ತಿದ್ದಾರೆ.