ಡೋಜೋ ಇಲ್ಲದ ಊರಿನಲ್ಲಿ ಕರಾಟೆಯ ಮೊದಲ ಪಾಠ

ಪ್ರಶ್ನೆ: ಬೆಂಗಳೂರಿನ ಡೋಜೋ (ಕರಾಟೆ ತರಬೇತಿ ಶಾಲೆ) ಒಂದರಲ್ಲಿ 8 ವರ್ಷ ಶೊಟೊಕಾನ್ ಶೈಲಿಯ ಕರಾಟೆ ಕಲಿತು ಕಪ್ಪು ಬೆಲ್ಟ್ ಪಡೆದಿದ್ದೇನೆ. ಈಗ ರಾಯಚೂರು ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ 60 ವಿದ್ಯಾರ್ಥಿನಿಯರಿಗೆ 3 ತಿಂಗಳು ಆತ್ಮರಕ್ಷಣೆಯ ತರಬೇತಿ ಕೊಡಬೇಕಾಗಿದೆ. ಮ್ಯಾಟ್ ಇಲ್ಲ, ಗರಸಿನ ಅಂಗಳವಷ್ಟೇ ಇದೆ. ನಾನು ಕಲಿತ ಕ್ರಮದಲ್ಲೇ ಕಲಿಸಲು ಹೋಗಿ ಮೊದಲ ವಾರವೇ ಎಲ್ಲ ಗೊಂದಲವಾಯಿತು. ಕೊನೆಗೆ ಹೆಂಚು ಒಡೆಯುವ ಪ್ರದರ್ಶನವೂ ಬೇಕೆಂದಿದ್ದಾರೆ. ಏನು ಮಾಡಲಿ?

ಉತ್ತರ: ಡೋಜೋದಲ್ಲಿ ಹೊಸಬರು ಅರ್ಧ ಪಾಠವನ್ನು ಮುಂದಿನ ಸಾಲಿನ ಹಿರಿಯರನ್ನು ನೋಡಿಯೇ ಕಲಿಯುತ್ತಾರೆ. ನಿಮ್ಮ ಅಂಗಳದಲ್ಲಿ ಆ ಸಾಲೇ ಇಲ್ಲ. ಗೊಂದಲದ ಮೂಲ ಇದೇ ಇರಬೇಕು. ಆದ್ದರಿಂದ ಎಂಟು ಹುಡುಗಿಯರನ್ನು ಆರಿಸಿ, ತರಗತಿಗೆ ಹದಿನೈದು ನಿಮಿಷ ಮುಂಚೆ ಅವರಿಗೆ ಅಂದಿನ ಪಾಠ ಹೇಳಿಕೊಡಿ. ನಾಲ್ವರನ್ನು ಮುಂದಿನ ಸಾಲಿನಲ್ಲೂ ನಾಲ್ವರನ್ನು ಹಿಂದಿನ ಸಾಲಿನಲ್ಲೂ ನಿಲ್ಲಿಸಿ. ಎಲ್ಲರೂ ಹಿಂದಕ್ಕೆ ತಿರುಗಿದಾಗ ಕಣ್ಣೆದುರು ನೋಡಿ ಅನುಸರಿಸಲು ಯಾರಾದರೂ ಇರಬೇಕಲ್ಲವೇ? ನೀವೂ ತೋರಿಸುವಾಗ ಮಕ್ಕಳಿಗೆ ಬೆನ್ನು ಮಾಡಿ ನಿಲ್ಲಿ, ಏಕೆಂದರೆ ಎದುರು ನಿಂತು ಎಡಗೈ ಎತ್ತಿದರೆ ಅವರು ಬಲಗೈ ಎತ್ತುತ್ತಾರೆ. ತಿದ್ದುವಾಗ ಮಾತ್ರ ಅವರತ್ತ ತಿರುಗಿ, ಬಿಸಿಲಿಗೆ ನೀವೇ ಮುಖ ಕೊಡಿ.

ಈ ಸ್ಥಿತಿ ಕರಾಟೆಗೆ ಹೊಸದೇನಲ್ಲ. ಕೆಲವೇ ಶಿಷ್ಯರಿಗೆ ಖಾಸಗಿಯಾಗಿ ಹೇಳಿಕೊಡುತ್ತಿದ್ದ ವಿದ್ಯೆಯನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಪಾನಿನ ಒಕಿನಾವಾ ದ್ವೀಪದ ಶಾಲೆಗಳಿಗೆ ತಂದ ಕರಾಟೆ ಗುರು ಇತೊಸು ಅಂಕೊ, ಮಕ್ಕಳಿಗೆ ಹೊಂದುವಂತೆ ಪಿನಾನ್ ಎಂಬ 5 ಚಿಕ್ಕ ಕಾತಾಗಳನ್ನು (ನಿಗದಿತ ಕ್ರಮದ ಚಲನೆಗಳ ಸರಣಿಗಳನ್ನು) ರೂಪಿಸಿದರು. ನೀವು ಹೆಯಾನ್ ಎಂಬ ಹೆಸರಿನಲ್ಲಿ ಕಲಿತಿರುವುದು ಅವನ್ನೇ. ಅದೇ ಇತೊಸು 1908ರ ಪತ್ರವೊಂದರಲ್ಲಿ, ದಿನಕ್ಕೆ ಒಂದೆರಡು ಗಂಟೆಯಂತೆ ಮೂರು ನಾಲ್ಕು ವರ್ಷ ಸಾಧನೆ ಮಾಡಿದರೆ ಫಲ ಕಾಣುತ್ತದೆ ಎಂದು ಬರೆದಿದ್ದಾರೆ. ಮೂರು ತಿಂಗಳಲ್ಲಿ ಯಾರನ್ನೂ ಎದುರಿಸಬಹುದು ಎಂಬ ಭರವಸೆಯನ್ನು ದಯವಿಟ್ಟು ಆ ಮಕ್ಕಳಿಗೆ ಕೊಡಬೇಡಿ.

ಕೊಡಬಹುದಾದದ್ದು ಬೇರೆ ಇದೆ: ಗಟ್ಟಿಯಾಗಿ ನಿಲ್ಲುವುದು, ನೇರ ಹೊಡೆತ, ಅಂಗೈ ಬುಡದ ಹೊಡೆತ, ಹಿಡಿದ ಮಣಿಕಟ್ಟನ್ನು ಬಿಡಿಸಿಕೊಳ್ಳುವುದು, ಕೂಗಿ ಓಡುವುದು. ಮುಷ್ಟಿ ಕಟ್ಟುವುದಕ್ಕೇ ಒಂದಿಡೀ ದಿನ ಕೊಡಿ. ಹೆಬ್ಬೆರಳನ್ನು ಬೆರಳುಗಳ ಒಳಗೆ ಮುಚ್ಚಿಕೊಳ್ಳುವ ಮಕ್ಕಳು ಬಹಳ. ಹಾಗೆಯೇ ಹೊಡೆದರೆ ಮೊದಲು ಮುರಿಯುವುದು ಆ ಹೆಬ್ಬೆರಳು. ಅದು ತೋರುಬೆರಳು ಮತ್ತು ನಡುಬೆರಳಿನ ಹೊರಗೆ ಅಡ್ಡಲಾಗಿ ಒರಗಿರಲಿ, ಮಣಿಕಟ್ಟು ಮುಂಗೈಯ ನೇರಕ್ಕಿರಲಿ. ಗರಸಿನ ಮೇಲೆ ಮವಾಶಿ ಗೆರಿ, ಅಂದರೆ ಒಂಟಿಕಾಲಿನ ಮೇಲೆ ತಿರುಗಿ ಪಕ್ಕದಿಂದ ಒದೆಯುವುದು, ಬೇಡವೇ ಬೇಡ. ನೆಲಕ್ಕೆ ಊರಿದ ಪಾದ ಸಲೀಸಾಗಿ ತಿರುಗದಿದ್ದರೆ ಆ ತಿರುಚು ಮಂಡಿಗೆ ಬೀಳುತ್ತದೆ. ದುಪಟ್ಟಾ ಮತ್ತು ಬಳೆಗಳನ್ನು ತೆಗೆದಿಡಲಿ. ಮಕ್ಕಳನ್ನು ಮುಟ್ಟಿ ತಿದ್ದುವ ಬದಲು ಮಾತಿನಲ್ಲಿ ತಿದ್ದಿ, ಶಿಕ್ಷಕಿಯೊಬ್ಬರು ತರಗತಿಯಲ್ಲಿ ಸದಾ ಇರುವಂತೆ ಕೇಳಿಕೊಳ್ಳಿ. ಎಣಿಕೆ ಜಪಾನಿ ಭಾಷೆಯ ಬದಲು ಸದ್ಯಕ್ಕೆ ಕನ್ನಡದಲ್ಲೇ ಸಾಗಲಿ.

ಎಲ್ಲಕ್ಕಿಂತ ಕಷ್ಟವಾಗುವುದು ಕಿಯಾಯ್, ಅಂದರೆ ಹೊಡೆತದ ಜೊತೆಗೆ ಹಾಕುವ ಕೂಗು. ಹೆಣ್ಣುಮಕ್ಕಳು ದನಿ ಎತ್ತಬಾರದು ಎಂದು ಮನೆಯಲ್ಲಿ ಕೇಳಿಯೇ ಬೆಳೆದವರನ್ನು ಒಬ್ಬೊಬ್ಬರಾಗಿ ಕೂಗಿಸಿದರೆ ನಾಚಿ ತಲೆ ತಗ್ಗಿಸುತ್ತಾರೆ. 60 ಮಂದಿಯೂ ಒಟ್ಟಿಗೆ ಕೂಗಲಿ, ಆಮೇಲೆ ಸಾಲು ಸಾಲಾಗಿ, ಕೆಲವು ವಾರಗಳ ನಂತರ ಇಬ್ಬಿಬ್ಬರಾಗಿ. ಆಪತ್ತಿನಲ್ಲಿ ಮುಷ್ಟಿಗಿಂತ ಮೊದಲು ಒದಗುವುದು ಈ ದನಿಯೇ ಆದ್ದರಿಂದ ಇಲ್ಲಿ ಅವಸರ ಬೇಡ.

ಹೆಂಚಿನ ವಿಷಯದಲ್ಲಿ ನನ್ನ ಉತ್ತರ ಖಚಿತವಾಗಿದೆ: ಒಪ್ಪಿಕೊಳ್ಳಬೇಡಿ. ಬೆಳೆಯುತ್ತಿರುವ ಕೈಮೂಳೆಗಳಿಗೆ ಅದು ಅಪಾಯ, ಮೂರು ತಿಂಗಳ ಕಲಿಕೆಗೆ ಅದರಿಂದ ಲಾಭವೂ ಇಲ್ಲ. ಮುಖ್ಯೋಪಾಧ್ಯಾಯರನ್ನು ಅಂಗಳಕ್ಕೆ ಒಮ್ಮೆ ಕರೆದು, ನಿಮ್ಮ ವಿದ್ಯಾರ್ಥಿನಿಯೊಬ್ಬಳ ಮಣಿಕಟ್ಟನ್ನು ಸಹಶಿಕ್ಷಕಿಯೊಬ್ಬರು ಬಿಗಿಯಾಗಿ ಹಿಡಿಯಲಿ. ಅವಳು ಹಿಡಿದವರ ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿ ಬಿಡಿಸಿಕೊಂಡು ಕೂಗುವುದನ್ನು ಅವರು ನೋಡಲಿ. ಪ್ರದರ್ಶನಕ್ಕೆ ಅದನ್ನೂ, 60 ಮಂದಿ ಒಟ್ಟಾಗಿ ಮಾಡುವ, ಹೆಯಾನ್ ಕಾತಾಗಳಲ್ಲಿ ಮೊದಲನೆಯದಾದ ಹೆಯಾನ್ ಶೊದಾನ್‌ನ ಮೊದಲ ಕೆಲವು ಹೆಜ್ಜೆಗಳನ್ನೂ ಇಟ್ಟುಕೊಳ್ಳಿ.