ನಿಮ್ಮ ‘ಲಿವರ್ ಸೋಂಕು ಮತ್ತು ಕಬ್ಬಿಣ’ ಲೇಖನದ ಬಗ್ಗೆ

ನಮಸ್ಕಾರ.

ಲೇಖನ ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಆದರೆ ವಿಷಯ ಗಟ್ಟಿಯಾಗಿದೆ, ಕೈಬಿಡಬೇಡಿ.

ಮೊದಲ ತೊಡಕು ಶುರುವಿನಲ್ಲೇ ಇದೆ. ಲಿವರ್‌ಗೆ ತಗಲುವ ವೈರಸ್ ಸೋಂಕುಗಳಾದ ಹೆಪಟೈಟಿಸ್ ಎ, ಬಿ, ಸಿ ಮೂರನ್ನೂ ‘ಕಾಮಾಲೆ’ ಎಂದು ಒಟ್ಟಿಗೆ ಸೇರಿಸಿದ್ದೀರಿ. ಎ ಕೊಳಕು ನೀರು, ಆಹಾರದಿಂದ ಬಂದು ವಾಸಿಯಾಗಿ ಹೋಗುವಂಥದ್ದು. ಸಿ ರಕ್ತದಿಂದ ಹರಡಿ ವರ್ಷಗಟ್ಟಲೆ ಸದ್ದಿಲ್ಲದೆ ಉಳಿಯುತ್ತದೆ, ಹೆಚ್ಚಿನವರಿಗೆ ಕಣ್ಣು ಹಳದಿಯಾಗುವುದೂ ಇಲ್ಲ. ನೀವು ಹೇಳಹೊರಟಿದ್ದು ಸಿ ಕತೆ. ಅದೊಂದನ್ನೇ ಹೇಳಿ.

‘ಸೋಂಕು ಬಂದಾಗ ದೇಹ ಕಬ್ಬಿಣವನ್ನು ಬಚ್ಚಿಡುತ್ತದೆ’ ಎಂದು ಬರೆದಿದ್ದೀರಿ. ಬಹುತೇಕ ಸೋಂಕುಗಳಿಗೆ ಇದು ಸರಿ. ಉರಿಯೂತವಾದಾಗ ಐಎಲ್-6 ಎಂಬ ಸಂಕೇತ ಲಿವರ್‌ಗೆ ತಲುಪುತ್ತದೆ, ಲಿವರ್ ಹೆಪ್ಸಿಡಿನ್ ಹಾರ್ಮೋನನ್ನು ಹೆಚ್ಚು ತಯಾರಿಸುತ್ತದೆ. ಜೀವಕೋಶದಿಂದ ಕಬ್ಬಿಣ ಹೊರಬರಲು ಇರುವ ದಾರಿ ಫೆರೋಪೋರ್ಟಿನ್ ಎಂಬ ಪ್ರೋಟೀನ್. ಹೆಪ್ಸಿಡಿನ್ ಅದಕ್ಕೆ ಅಂಟಿಕೊಂಡರೆ ಜೀವಕೋಶ ಆ ಫೆರೋಪೋರ್ಟಿನನ್ನು ಒಳಗೆಳೆದು ನಾಶ ಮಾಡುತ್ತದೆ. ಕರುಳಿನಿಂದ ರಕ್ತಕ್ಕೆ ಕಬ್ಬಿಣ ಬರುವುದು ಕಡಿಮೆಯಾಗುತ್ತದೆ.

ದೀರ್ಘಕಾಲದ ಹೆಪಟೈಟಿಸ್ ಸಿಯಲ್ಲಿ ಆಗುವುದು ಬೇರೆಯೇ. ಉರಿಯೂತವಿದ್ದರೂ, ಕಬ್ಬಿಣದ ದಾಸ್ತಾನು ತುಂಬಿದ್ದರೂ, ಹೆಪ್ಸಿಡಿನ್ ಇರಬೇಕಾದಷ್ಟು ಇರುವುದಿಲ್ಲ. ವೈರಸ್ ಸೇರಿದ ಲಿವರ್ ಕೋಶದಲ್ಲಿ ಉಂಟಾಗುವ ಆಕ್ಸಿಡೇಟಿವ್ ಒತ್ತಡ (ಕೋಶವನ್ನು ಹಾಳುಗೆಡವುವ ಆಮ್ಲಜನಕದ ಕಣಗಳು ಹೆಚ್ಚುವುದು) ಹೆಪ್ಸಿಡಿನ್ ಜೀನನ್ನೇ ಅದುಮುತ್ತದೆ. ಕರುಳು ದಿನಕ್ಕೆ ಹೀರಬೇಕಾದ್ದು 1ರಿಂದ 2 ಮಿಲಿಗ್ರಾಂ. ತಡೆಯಿಲ್ಲದೆ ಅದಕ್ಕಿಂತ ಹೆಚ್ಚು ಹೀರುತ್ತಾ ಹೋಗುತ್ತದೆ. ಹೆಚ್ಚಾದದ್ದನ್ನು ಹೊರಹಾಕಲು ದೇಹಕ್ಕೆ ಪ್ರತ್ಯೇಕ ವ್ಯವಸ್ಥೆ ಇಲ್ಲ, ಹಾಗಾಗಿ ಅದು ಲಿವರ್‌ನಲ್ಲೇ ಕೂರುತ್ತದೆ. ಅಲ್ಲಿನ ಕಬ್ಬಿಣ ಇನ್ನಷ್ಟು ಆಕ್ಸಿಡೇಟಿವ್ ಒತ್ತಡ ತಂದು ಲಿವರ್‌ನಲ್ಲಿ ಗಾಯದ ಕಲೆ ಬೆಳೆದು ಗಟ್ಟಿಯಾಗಲು ಕಾರಣವಾಗುತ್ತದೆ. ಲೇಖನದ ಪ್ರಾಣವೇ ಇದು. ನಿಮ್ಮಲ್ಲಿ ಆರನೇ ಪ್ಯಾರಾದಲ್ಲಿ ಒಂದು ಸಾಲಾಗಿ ಬಂದು ಹೋಗಿದೆ. ಮೇಲಕ್ಕೆ ತನ್ನಿ.

ಇನ್ನು ನೀವು ಲಗತ್ತಿಸಿದ ರಿಪೋರ್ಟ್: ಫೆರಿಟಿನ್ (ಕಬ್ಬಿಣವನ್ನು ದಾಸ್ತಾನಿಡುವ ಪ್ರೋಟೀನ್) 620, ಸೀರಮ್ ಐರನ್ (ರಕ್ತದಲ್ಲಿ ಓಡಾಡುವ ಕಬ್ಬಿಣ) 90, ಟಿಐಬಿಸಿ (ರಕ್ತ ಒಟ್ಟು ಹೊರಬಲ್ಲ ಕಬ್ಬಿಣ) 300. ‘ಕಬ್ಬಿಣ ತುಂಬಿ ತುಳುಕುತ್ತಿದೆ’ ಎಂದಿದ್ದೀರಿ. ಲೆಕ್ಕ ಹಾಕಿ: 90ನ್ನು 300ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಕಬ್ಬಿಣ ಹೊರುವ ಟ್ರಾನ್ಸ್‌ಫೆರಿನ್ ಪ್ರೋಟೀನ್ ಎಷ್ಟು ತುಂಬಿದೆ ಎಂಬ ಅಳತೆ) 30%. ಇದು ಮಾಮೂಲಿ ಮಟ್ಟ. ಅನುಮಾನ ಶುರುವಾಗುವುದು 45% ದಾಟಿದರೆ. ಫೆರಿಟಿನ್ ಉರಿಯೂತದಲ್ಲೂ ಏರುತ್ತದೆ, ಲಿವರ್ ಕೋಶ ಒಡೆದಾಗ ರಕ್ತಕ್ಕೂ ಸೋರುತ್ತದೆ. ಆದ್ದರಿಂದ ಫೆರಿಟಿನ್ ಒಂದನ್ನೇ ನೋಡಿ ತೀರ್ಪು ಕೊಡುವಂತಿಲ್ಲ. ಸಿರೋಸಿಸ್ (ಗಾಯದ ಕಲೆಗಳಿಂದ ಲಿವರ್ ಗಟ್ಟಿಯಾಗುವ ಸ್ಥಿತಿ) ಆದವರಲ್ಲಿ ಲಿವರ್ ಟ್ರಾನ್ಸ್‌ಫೆರಿನ್ ಕಡಿಮೆ ತಯಾರಿಸಿ ಟಿಐಬಿಸಿ ಇಳಿಯುವುದರಿಂದ, ಸ್ಯಾಚುರೇಷನ್ ಸುಳ್ಳೇ ಏರಿದಂತೆ ಕಾಣಬಹುದು. ಇದನ್ನೂ ಸೇರಿಸಿ.

ಕೊನೆಯಲ್ಲಿರುವ ‘ಸುಸ್ತಾದರೆ ಐರನ್ ಟಾನಿಕ್ ಕುಡಿಯಿರಿ’ ಎಂಬ ಮಾತನ್ನು ದಯವಿಟ್ಟು ತೆಗೆಯಿರಿ. ಸುಸ್ತು ಹೆಪಟೈಟಿಸ್ ಸಿಯ ಲಕ್ಷಣವೂ ಹೌದು. ಪರೀಕ್ಷೆ ಇಲ್ಲದೆ ಟಾನಿಕ್ ಶುರು ಮಾಡಿದರೆ, ಈಗಾಗಲೇ ತುಂಬಿರುವ ಲಿವರ್‌ಗೆ ಮತ್ತೆ ಸುರಿದಂತೆ. ಹಾಗೆಂದು ಎಲ್ಲರೂ ಕಬ್ಬಿಣ ಬಿಡಿ ಎಂದೂ ಬರೆಯಬೇಡಿ. ಫೆರಿಟಿನ್ 15ಕ್ಕಿಂತ ಕೆಳಗಿದ್ದರೆ ಲಿವರ್ ಸೋಂಕಿದ್ದರೂ ಅದು ನಿಜವಾದ ಕೊರತೆಯೇ. ಹೆಚ್ಚು ಮುಟ್ಟಿನ ರಕ್ತ ಹೋಗುವವರು, ಅನ್ನನಾಳದ ಉಬ್ಬಿದ ರಕ್ತನಾಳ ಒಡೆದು ರಕ್ತ ಕಳೆದುಕೊಂಡವರು ಈ ಗುಂಪಿನಲ್ಲಿರಬಹುದು. ಮಾತ್ರೆ ಶುರು ಮಾಡುವುದೂ ನಿಲ್ಲಿಸುವುದೂ ವೈದ್ಯರ ಕೈಲಿರಲಿ.

ಮುಖ್ಯವಾದ ಒಂದು ಸಂಗತಿ ನಿಮ್ಮಲ್ಲಿ ಬಂದೇ ಇಲ್ಲ: ಹೆಪಟೈಟಿಸ್ ಸಿಗೆ ಈಗ ಮಾತ್ರೆಯಿಂದಲೇ ಗುಣವಿದೆ. ಸಾಮಾನ್ಯವಾಗಿ 12 ವಾರದ ಕೋರ್ಸು, ಶೇ. 95ಕ್ಕೂ ಹೆಚ್ಚು ಮಂದಿಗೆ ವೈರಸ್ ಹೋಗುತ್ತದೆ. ವೈರಸ್ ಹೋದ ಮೇಲೆ ಫೆರಿಟಿನ್ ಇಳಿಯುವುದು ಸಾಮಾನ್ಯ. ಓದುಗರಿಗೆ ಬೇಕಾದ ಸಮಾಧಾನ ಇದರಲ್ಲಿದೆ.

ತಿದ್ದಿದ ಪ್ರತಿ 900 ಪದ ಮೀರದಿರಲಿ. ಒಬ್ಬ ಲಿವರ್ ತಜ್ಞರಿಗೆ ತೋರಿಸಿ ಕಳಿಸಿ. ರಿಪೋರ್ಟಿನಲ್ಲಿ ರೋಗಿಯ ಹೆಸರು, ಲ್ಯಾಬ್ ನಂಬರ್ ಹಾಗೇ ಕಾಣುತ್ತಿದೆ, ಅಳಿಸಿಯೇ ಕಳಿಸಿ.