ಕಡಿಮೆ ಕಂತಿನ ಒಪ್ಪಂದಕ್ಕೆ ಯಾವ ಫೋನ್?

ಮೂರು ವರ್ಷದ ಫೋನ್ ಮಧ್ಯಾಹ್ನಕ್ಕೇ ಚಾರ್ಜ್ ಕಳೆದುಕೊಂಡು, ಕರೆ ಬಂದಾಗ ಪರದೆ ಮರಗಟ್ಟುತ್ತದೆ ಎಂದಿದ್ದೀರಿ. ಫೋನ್ ಮತ್ತು ಸಿಮ್ ಸೇವೆ ಎರಡೂ ಸೇರಿದ, ಕಡಿಮೆ ಮಾಸಿಕ ಕಂತಿನ ಎರಡು ವರ್ಷದ ಒಪ್ಪಂದದಲ್ಲಿ ಯಾವ ಫೋನ್ ಕೊಳ್ಳಲಿ ಎಂದು ಕೇಳಿದ್ದೀರಿ. ಬಹುಶಃ ಬ್ಯಾಟರಿ ಸವೆದಿದೆ, ಸ್ಟೋರೇಜ್ ತುಂಬಿದೆ. ನನ್ನದಕ್ಕೂ ಇದೇ ರೋಗ ಬಂದಿತ್ತು. ಮೊದಲು ಹತ್ತು ಜಿಬಿಯಷ್ಟು ಜಾಗ ಖಾಲಿ ಮಾಡಿ ಎರಡು ದಿನ ನೋಡಿ. ವೇಗ ಮರಳಿದರೆ ಬ್ಯಾಟರಿ ಬದಲಿಸಿದರೆ ಸಾಕು. ಭದ್ರತಾ ಅಪ್‌ಡೇಟ್ ನಿಂತುಹೋಗಿದ್ದರೆ ಮಾತ್ರ ಅದಕ್ಕೆ ಹಣ ಸುರಿಯಬೇಡಿ.

ಹೊಸದೇ ಬೇಕೆಂದಾದರೆ ಮಾದರಿಗಿಂತ ಮೊದಲು ಲೆಕ್ಕ. ನೀವು ಹೇಳಿದ ಎರಡು ವರ್ಷದ ಒಪ್ಪಂದದ ಮಾಸಿಕ ಕಂತನ್ನು 24ರಿಂದ ಗುಣಿಸಿ, ಮುಂಗಡ ಕೂಡಿಸಿ. ಪಕ್ಕದಲ್ಲೇ ಅದೇ ಫೋನಿನ ನೇರ ಬೆಲೆ ಮತ್ತು ಬರೀ ಸಿಮ್‌ಗೆ 24 ತಿಂಗಳಲ್ಲಿ ತಗಲುವ ವೆಚ್ಚ ಕೂಡಿಸಿ ಬರೆಯಿರಿ. ‘ಉಚಿತ ಫೋನ್’ ಎಂಬುದರ ಬಣ್ಣ ಅಲ್ಲೇ ಬಯಲಾಗುತ್ತದೆ. ಹಳೆಯ ಒಪ್ಪಂದ ಇನ್ನೂ ಬಾಕಿಯಿದೆಯೇ ಎಂದು ನೀವು ಬರೆದಿಲ್ಲ. ಇದ್ದರೆ ಅದನ್ನು ಮುರಿಯುವ ಶುಲ್ಕವೂ ಸೇರಬೇಕು.

ಆಮೇಲೆ ಫೋನ್. 6 ಜಿಬಿ ರ‍್ಯಾಮ್ (ಆ್ಯಪ್‌ಗಳು ಓಡಲು ಬೇಕಾದ ತಾತ್ಕಾಲಿಕ ಮೆಮೊರಿ), 128 ಜಿಬಿ ಸ್ಟೋರೇಜ್‌ಗಿಂತ ಕೆಳಗಿಳಿಯಬೇಡಿ. ಸ್ಟೋರೇಜ್ ಹಳೆಯ, ನಿಧಾನದ ಇಎಂಎಂಸಿ ಬಗೆಯದಾಗಿರದೆ ವೇಗದ ಯುಎಫ್‌ಎಸ್ ಬಗೆಯದಾಗಿದ್ದರೆ ಆ್ಯಪ್‌ಗಳು ಬೇಗ ತೆರೆಯುತ್ತವೆ. ‘ವರ್ಚುವಲ್ ರ‍್ಯಾಮ್’ ಸೇರಿಸಿ 12 ಜಿಬಿ ಎನ್ನುವ ಜಾಹೀರಾತಿಗೆ ಮರುಳಾಗಬೇಡಿ. ಅದು ಸ್ಟೋರೇಜ್‌ನಿಂದ ತಂದ ಕೈಗಡ, ಅಷ್ಟು ಚುರುಕಲ್ಲ. ಮೆಗಾಪಿಕ್ಸೆಲ್ ಸಂಖ್ಯೆಯನ್ನಂತೂ ಓದಲೇಬೇಡಿ. ಭದ್ರತಾ ಅಪ್‌ಡೇಟ್ ಒಪ್ಪಂದ ಮುಗಿಯುವವರೆಗಾದರೂ ಬರಬೇಕು. ಆ ಅವಧಿಯನ್ನು ಸಾಮಾನ್ಯವಾಗಿ ಮಾದರಿ ಬಿಡುಗಡೆಯಾದ ದಿನದಿಂದ ಎಣಿಸುತ್ತಾರೆ, ನೀವು ಕೊಂಡ ದಿನದಿಂದಲ್ಲ.

ಬಳಸಿದ ಫೋನ್ ಆದರೆ *#06# ಒತ್ತಿ, ಬರುವ ಐಎಂಇಐ ಸಂಖ್ಯೆಯನ್ನು (ಪ್ರತಿ ಫೋನಿನ ಗುರುತಿನ ಸಂಖ್ಯೆ) ಪೆಟ್ಟಿಗೆಯ ಮೇಲಿನದರೊಂದಿಗೆ ತಾಳೆ ನೋಡಿ. ನಿಮ್ಮದೇ ಸಿಮ್ ಹಾಕಿ ಒಂದು ಕರೆ ಮಾಡಿದ ಮೇಲೆಯೇ ಹಣ ಕೊಡಿ.